ಬೀಗರು ತಂದ ಗಾಜಿನ ಮಗ್

ಹಳೆಯ ಗಾಜಿನ ಪಾತ್ರೆಗಳು ಎಲ್ಲಿ, ಯಾವ ಕಾಲದಲ್ಲಿ ತಯಾರಾದವು ಎಂದು ಗುರುತಿಸಿ ಹೇಳುವುದು ಅವಳ ಕಸುಬು. ಪೇಟೆಗೆಲ್ಲ ಅವಳು ಗಾಜಿನಕ್ಕ. ಗಂಡನನ್ನೂ ದೀಪ ಹಿಡಿದು, ಬುಡ ತಿರುಗಿಸಿ ನೋಡಿಯೇ ಒಪ್ಪಿದಳು ಎಂದು ಜನ ನಗುತ್ತಿದ್ದರು. ಮಗಳ ಸಂಬಂಧವನ್ನು ಮಾತ್ರ ಅಷ್ಟು ಕೆದಕಿ ನೋಡಿರಲಿಲ್ಲ. ಮಗಳೇ ಮೆಚ್ಚಿದ ಹುಡುಗ.

ಆ ಮಧ್ಯಾಹ್ನ ಅಂಗಡಿಗೆ ಬಂದವರು ಆ ಹುಡುಗನ ಅಪ್ಪ, ಬೀಗರಾಗಲಿದ್ದವರು. ಒಳಗೆ ಬಂದವರೇ ಬಾಗಿಲು ಮುಂದೆ ಮಾಡಿದರು.

"ನಮ್ಮಜ್ಜನ ಕಾಲದ್ದು. ಎಲ್ಲಿಂದ ಬಂದಿದ್ದು ಅಂತ ನೀವೇ ಹೇಳ್ಬೇಕು," ಎಂದು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟರು.

ತವರದ ಮುಚ್ಚಳದ ಬಿಯರ್ ಮಗ್. ಮೈಮೇಲೆ ಎನಾಮಲ್ ಬಣ್ಣದಲ್ಲಿ ಓಡುವ ಜಿಂಕೆ. ಅವಳು ಬೆರಳಾಡಿಸಿದಳು, ಬಣ್ಣ ಗಾಜಿನೊಂದಿಗೇ ಬೆಂದು ತುಸು ಉಬ್ಬಿತ್ತು. ಬುಡದಲ್ಲಿ, ಬಿಸಿ ಗಾಜನ್ನು ಹಿಡಿದಿದ್ದ ಕುಲುಮೆಯ ಕೋಲಿನಿಂದ ಮುರಿದು ಬಿಡಿಸಿದ ಗಾಯದ ಗುರುತಿತ್ತು. ಗಾಜು ಯುರೋಪಿನ ಬೊಹೀಮಿಯಾದ್ದು, ಸಂಶಯವಿಲ್ಲ. ಮುಚ್ಚಳ ಆಮೇಲೆ ಜರ್ಮನಿಯಲ್ಲಿ ಕೂಡಿಸಿದ್ದು. ಹೇಳಲು ಬಾಯಿ ತೆರೆದವಳು, ಅಭ್ಯಾಸಬಲದಿಂದ, ಆಮೇಲೆ ಹಚ್ಚಿದ ಬಣ್ಣವನ್ನು ಹೊಳೆಯಿಸಿ ತೋರಿಸುವ ನೇರಳೆ ದೀಪ ಹಚ್ಚಿದಳು. ಜಿಂಕೆಯ ಎಡಗೊಂಬಿನ ತುದಿಯಷ್ಟೇ ಹಾಲಿನಂತೆ ಹೊಳೆಯಿತು.

ಸವೆದಿದ್ದ ಆ ತುದಿಗೆ ಬಣ್ಣ ಹಚ್ಚಿದ್ದು ಅವಳೇ. ಅವಳಿಗೆ ಕಸುಬು ಕಲಿಸಿದ ಸೋದರಮಾವನ ಮಗ್ ಅದು. ಹೋದ ವರ್ಷ ಮಾವ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ ದಿನವೇ ಕಪಾಟಿನಿಂದ ಕಾಣೆಯಾಗಿತ್ತು. ವಯಸ್ಸಾಗಿತ್ತು, ಕಾಲು ಜಾರಿತು ಎಂದು ಎಲ್ಲರೂ ಸುಮ್ಮನಾದರು. ಮಗ್ ಎಲ್ಲಿ ಎಂದು ಕೇಳಿದವಳು ಇವಳೊಬ್ಬಳೇ.

ದೀಪ ಆರಿಸಿದಳು. "ನಕಲು ಇದು. ಈಚೆಗೆ ಮಾಡಿದ್ದು. ಇಲ್ಲೇ ಬಿಟ್ಟು ಹೋಗಿ, ಇನ್ನೊಮ್ಮೆ ನೋಡ್ತೀನಿ."

"ನಕಲು ಇಟ್ಕೊಂಡು ಏನ್ಮಾಡೋದು ಬೀಗಿತ್ತಿ?" ಬೀಗರು ನಗುತ್ತಲೇ ಮಗ್ ಎತ್ತಿ, ಮೇಜಿನಾಚೆ ಹಿಡಿದು ಬೆರಳು ಸಡಿಲಿಸಿದರು.

ಅವಳ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ಮಗ್ ಬೀಳಲಿಲ್ಲ; ಹಿಡಿಕೆಯಲ್ಲಿ ಅವರ ಕಿರುಬೆರಳು ಸಿಕ್ಕಿಸಿಕೊಂಡೇ ಇತ್ತು.

ಬೀಗರ ನಗು ಇಂಗಿತು. "ನಿಮ್ಮ ಮಾವನೂ ಮೆಟ್ಟಿಲ ಮೇಲೆ ಹೀಗೇ ಎರಡೂ ಕೈ ಚಾಚಿದ್ರು," ಎಂದರು ಮೆಲ್ಲಗೆ. "ಮಗ್ ಬಿಟ್ಟು ಕಂಬಿ ಹಿಡ್ಕೊಂಡಿದ್ರೆ ಬದುಕ್ತಿದ್ರು."

ಅವಳು ಮಗ್ಗಿನಿಂದ ಕಣ್ಣು ಕೀಳದೆ ಕೇಳಿದಳು. "ಮತ್ತೆ ನನ್ನ ಹತ್ರ ಯಾಕೆ ತಂದ್ರಿ?"

"ನೀವು ಗುರುತು ಹಿಡೀತೀರೋ ಇಲ್ವೋ ಅಂತ ಮದುವೆಗೆ ಮುಂಚೆ ತಿಳ್ಕೊಳ್ಳೋದು ಒಳ್ಳೇದಲ್ವಾ. ಇನ್ಮೇಲೆ ನಾವು ಒಂದೇ ಮನೆಯೋರು. ಮನೆ ಮಾತು ಮನೇಲೇ ಇರ್ಲಿ." ಮಗ್ಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು.

ಮಗಳು ಬೆಳಿಗ್ಗೆಯಿಂದ ಅವರ ಮನೆಯಲ್ಲೇ ಇದ್ದಳು, ಕೋಣೆಗೆ ಪರದೆ ಆರಿಸಲೆಂದು ಹೋಗಿದ್ದಳು. ಗಾಜಿನಕ್ಕ ಅವಳಿಗೆ ಫೋನ್ ಮಾಡಿದಳು.

"ಈಗಲೇ ಹೊರಟು ಬಾ. ಯಾರಿಗೂ ಹೇಳ್ಬೇಡ."

"ಆಗಲ್ಲಮ್ಮ." ಮಗಳ ದನಿಯಲ್ಲಿ ಮುಜುಗರದ ನಗುವಿತ್ತು. "ಈಗಷ್ಟೇ ಅವರಪ್ಪ ಫೋನ್ ಮಾಡಿದ್ರಂತೆ, ತಾವು ಬರೋವರೆಗೂ ನನ್ನ ಕಳಿಸ್ಬೇಡಿ ಅಂತ. ಅತ್ತೆ ಬಾಗಿಲಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ."

ಗಾಜಿನಕ್ಕ ಅಂಗಡಿಯನ್ನು ಹಾಗೇ ತೆರೆದಿಟ್ಟು ಬೀದಿಗಿಳಿದಳು. ಓಡುತ್ತಲೇ ಪೊಲೀಸರ ನಂಬರು ಒತ್ತಿದಳು. ಆ ಕಡೆ ಯಾರೋ ಫೋನ್ ಎತ್ತಿ ಏನಾಯಿತೆಂದು ಕೇಳುವಷ್ಟರಲ್ಲಿ, ತಿರುವಿನಲ್ಲಿ ನಿಂತಿದ್ದ ಬೀಗರ ಕಾರು ಹೊರಟು, ಅವಳನ್ನು ದಾಟಿ ಮಗಳಿದ್ದ ಮನೆಯ ಕಡೆಗೆ ಹೋಯಿತು.