ಅರ್ಧ ಕೋಯ್ತಾ

ಒಂದು ಕಾಲಮ್ಮೂ ಖಾಲಿ ಇರಕೂಡದು ಎಂದು ಪ್ರಾಚಾರ್ಯ ಪಂಢರಿನಾಥ ಹೇಳಿದಾಗ ವೈಜಿನಾಥನಿಗೆ ನೆನಪಾದದ್ದು ಬರುವ ಜೂನ್ ತಿಂಗಳು. ಭಾಲ್ಕಿಯ ಆ ಕಾಲೇಜಿನಲ್ಲಿ ಅವನು ಎಂಟು ವರ್ಷದಿಂದ ಕನ್ನಡದ ಅತಿಥಿ ಉಪನ್ಯಾಸಕ. ಎಂಟು ವರ್ಷ ಒಂದೇ ಮನೆಯಲ್ಲಿ ಉಂಡವನನ್ನು ಯಾರೂ ಅತಿಥಿ ಅನ್ನುವುದಿಲ್ಲ. ಕಾಲೇಜು ಅನ್ನುತ್ತಿತ್ತು. ಪ್ರತಿ ವರ್ಷ ಪರೀಕ್ಷೆ ಮುಗಿದ ದಿನ ಅವನನ್ನು ಬಿಡುಗಡೆ ಮಾಡಿ, ಜೂನಿನಲ್ಲಿ ಮತ್ತೆ ಕರೆಯಬೇಕೋ ಬೇಡವೋ ಎಂದು ಯೋಚನೆಗೆ ಕೂಡುತ್ತಿತ್ತು.

"ಗ್ರೇಡ್ ಕೊಡೋ ಸಮಿತಿ ಬರ್ಲತದ ರಿ," ಎಂದರು ಪಂಢರಿನಾಥ. "ನಮ್ಮಲ್ಲಿ ಡಿಗ್ರಿ ಮಾಡಿದೋರು ಈಗ ಏನಾಗ್ಯಾರ, ಸಮಾಜಕ್ಕ ಏನ್ ಮಾಡ್ಯಾರ, ಎಲ್ಲಾ ಒಂದು ಪುಸ್ತಕ ಆಗಬೇಕು. ಹಿಂದಿನ ಐದು ಬ್ಯಾಚು. ಆರ್ಟ್ಸ್ ನೀವು ನೋಡ್ರಿ, ಕಾಮರ್ಸ್ ಫಕ್ರುನ್ನಿಸಾ ಮೇಡಂ ನೋಡ್ತಾರ."

"ಎಲ್ಲಾರೂ ಎಲ್ಲಿದ್ದಾರ ಅಂತ ಹ್ಯಾಂಗ ಹುಡುಕೋದು ಸರ್? ಊರಾಗ ಯಾರೂ ಇಲ್ಲ."

"ಇಲ್ಲಂದ್ರ ಎಲ್ಲೋ ಇದ್ದೇ ಇರ್ತಾರಲ್ಲ? ಎಲ್ಲೋ ಇದ್ದೋರು ಏನೋ ಮಾಡೇ ಮಾಡ್ತಾರ. ಅದಕ್ಕೊಂದು ಛಲೋ ಹೆಸರು ಕೊಡ್ರಿ. ನೀವು ಎಂ.ಎ. ಕನ್ನಡ ಇದ್ದೀರಿ." ಅವರು ದನಿ ತಗ್ಗಿಸಿದರು. "ಬರೋ ವರ್ಷಕ್ಕ ಇಬ್ಬರು ಗೆಸ್ಟ್ ಕಡಿಮಿ ಮಾಡ್ರಿ ಅಂತ ಮೇಲಿಂದ ಬಂದದ. ಗ್ರೇಡ್ ಬಂತಂದ್ರ ನಿಮ್ಮ ಪಾಠದ ತಾಸಿಗಿ ಯಾರೂ ಕೈ ಹಚ್ಚಂಗಿಲ್ಲ. ನನ್ನ ಮಾತು ಅದ."

ಅದು ೨೦೧೬ರ ಜನವರಿ. ಮೂರು ವರ್ಷದಿಂದ ಮಳೆ ಬಂದಂತೆ ಮಾಡಿ ಹೋಗುತ್ತಿತ್ತು. ವೈಜಿನಾಥ ತನ್ನ ಊರು ಹಲಬರ್ಗಾದಿಂದ ಶುರು ಮಾಡಿ, ಔರಾದಿನ ತನಕ ಬಸ್ಸಿನಲ್ಲಿ ತಿರುಗಿದ. ಸಿಕ್ಕವರು ಮುದುಕರು, ಮೊಬೈಲ್ ನಂಬರು ಚೀಟಿಯಲ್ಲಿ ಬರೆದಿಟ್ಟುಕೊಂಡವರು. ಆ ನಂಬರುಗಳಿಗೆ ಫೋನ್ ಮಾಡಿದರೆ ಆ ಕಡೆಯಿಂದ ಲಾರಿಯ ಸದ್ದು, ಕಲ್ಲು ಒಡೆಯುವ ಯಂತ್ರದ ಸದ್ದು, ಅದರ ಮೇಲೆ ಒಂದು ಹಳೆಯ ದನಿ: "ಸರ್, ನಮಸ್ಕಾರ್ರಿ! ನೆನಪಿಟ್ಟೀರಿ ನನಗಿ!"

ಬೀದರಿನ ಚೌಬಾರಾ ಹತ್ತಿರ ಬದ್ರೋದ್ದೀನನ ಡಿಟಿಪಿ ಅಂಗಡಿ. ಅವನೂ ಅದೇ ಕಾಲೇಜಿನ ಬಿ.ಎ. ವೈಜಿನಾಥ ಹೇಳುತ್ತ ಹೋದ, ಅವನು ಟೈಪು ಮಾಡುತ್ತ ಹೋದ. ಹೈದರಾಬಾದಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂಡುವವನು 'ಭದ್ರತಾ ವಿಭಾಗ' ಆದ. ಇಟ್ಟಂಗಿ ಭಟ್ಟಿಗೆ ಹೋದ ಗಂಡ ಹೆಂಡತಿ 'ನಿರ್ಮಾಣ ಸಾಮಗ್ರಿ ಉತ್ಪಾದನೆ' ಆದರು. ಔರಾದಿನಲ್ಲಿ ನೀರಿನ ಟ್ಯಾಂಕರಿನ ಬೆನ್ನ ಮೇಲೆ ಪೈಪು ಹಿಡಿದು ನಿಲ್ಲುವವನಿಗೆ 'ಜಲ ನಿರ್ವಹಣೆ' ಸಿಕ್ಕಿತು. ಅದೇ ಟ್ಯಾಂಕರಿನ ಮುಂದೆ ಹೆಂಗಸರ ಜಗಳ ಬಿಡಿಸಲು ಹೋಗಿ ಕೊಡದಲ್ಲಿ ಏಟು ತಿಂದಿದ್ದನಾದ್ದರಿಂದ, ಸಮಾಜಸೇವೆಯ ಕಾಲಮ್ಮಿನಲ್ಲಿ 'ಸೌಹಾರ್ದ ಕಾರ್ಯ'ವೂ ಸಿಕ್ಕಿತು.

ಬದ್ರೋದ್ದೀನ ನಕ್ಕು ನಕ್ಕು ಕೀಬೋರ್ಡಿನಿಂದ ಕೈ ತೆಗೆದ. "ಸರ್, ನೀವು ಸುಳ್ಳ ಬರೀಲತಿಲ್ಲ. ಇಸ್ತ್ರಿ ಮಾಡ್ಲತೀರಿ."

"ನಿಂದು ಏನಂತ ಬರೀಲಿ?"

"ಇಸ್ತ್ರಿಪೆಟ್ಟಿಗಿಗಿ ಕೆಂಡ ಹಾಕೋವ ಅಂತ ಬರೀರಿ." ಆಮೇಲೆ ತಾನೇ 'ಮುದ್ರಣ ಮಾಧ್ಯಮ' ಎಂದು ಟೈಪು ಮಾಡಿಕೊಂಡ.

ಉಳಿದದ್ದು ೨೦೧೧ರ ಬ್ಯಾಚಿನ ಎರಡು ಹೆಸರು. ಜಿಜಾಬಾಯಿ, ವೈಜಿನಾಥನ ಒಡಹುಟ್ಟಿದ ತಂಗಿ. ಕಾಶೀರಾಮ, ಔರಾದ್ ಕಡೆಯ ಡಾಬಕಾದವನು, ಅವಳ ಗಂಡ. ಇಬ್ಬರೂ ಅವನ ಮುಂದೆಯೇ ಬೆಂಚಿನಲ್ಲಿ ಕೂತು ಓದಿದವರು. ಅವನ ಮನೆಯಲ್ಲಿ ಅದೇ ಮೊದಲ ಡಿಗ್ರಿ, ಇವಳ ಮನೆಯಲ್ಲಿ ಹೆಣ್ಣುಮಗಳೊಬ್ಬಳ ಮೊದಲ ಡಿಗ್ರಿ. ಫಲಿತಾಂಶದ ದಿನ ಊರಿನ ಬುದ್ಧವಿಹಾರದಲ್ಲಿ ಹೆಸರು ಕೂಗಿ ಹಾರ ಹಾಕಿದ್ದರು. ಈಗ ಮೂರು ವರ್ಷದಿಂದ ದಸರೆಗೆ ಡಾಬಕಾ ಬಿಟ್ಟು, ಸಾಂಗಲಿ ಕಡೆಯ ಕಬ್ಬಿಗೆ ಹೋಗಿ, ಯುಗಾದಿಗೆ ತಿರುಗಿ ಬರುತ್ತಿದ್ದರು. ಕೇಳಬೇಕಾದ ಪ್ರಶ್ನೆಯ ಉತ್ತರ ಗೊತ್ತಿದ್ದೂ ಅವನು ಫೋನ್ ಮಾಡಿದ.

"ಹುದ್ದಿ ಅಂತ ಒಂದು ಕಾಲಂ ಅದ, ಜಿಜಾ."

"ಕೋಯ್ತಾ ಅಂತ ಬರಿ ಅಣ್ಣಾ. ಅಲ್ಲ, ತಡಿ. ನಮ್ಮಿಬ್ಬರದೂ ಕೂಡಿ ಒಂದು. ನಂದು ಅರ್ಧ ಕೋಯ್ತಾ ಬರಿ."

ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಪಟ್ಟಿಯಲ್ಲಿ ಅದು ಮನುಷ್ಯರ ಲೆಕ್ಕ. ಗಂಡ ಕಡಿಯಬೇಕು, ಹೆಂಡತಿ ಸವರಿ ಹೊರೆ ಕಟ್ಟಬೇಕು. ಇಬ್ಬರೂ ಸೇರಿದರೆ ಒಂದು ಕೋಯ್ತಾ. ಒಬ್ಬರು ಮಲಗಿದರೆ ಇನ್ನೊಬ್ಬರ ದಿನವೂ ಹೋಯಿತು.

"ಸರ್!" ಎಂದು ಹಿಂದಿನಿಂದ ಕಾಶೀರಾಮ ಕೂಗಿದ. ಮದುವೆಯಾಗಿ ಬೀಗತನವಾದರೂ ಅವನ ಬಾಯಲ್ಲಿ ಸರ್ ಹೋಗಿರಲಿಲ್ಲ. "ಜೂನದಾಗ ನಿಮ್ಮ ತಾಸು ಹೋತಂದ್ರ ದಸರಾಕ್ಕ ಶೇವಂತಾ ವೈನಿಗಿ ಕರ್ಕೊಂಡು ಬಂದುಬಿಡ್ರಿ. ನೀವೂ ಅವರೂ ಒಂದು ಕೋಯ್ತಾ ಆಗ್ತೀರಿ. ಮುಕಾದಮಗ ಎಂ.ಎ. ನಡೀತದ!"

ವೈಜಿನಾಥ ನಗಲು ನೋಡಿದ. ಆ ರಾತ್ರಿಯ ಊಟಕ್ಕೆ ಕೂತಾಗ ಹೆಂಡತಿ ಶೇವಂತಾಳ ಮೊಣಕೈಯನ್ನೂ ಬೆರಳುಗಳನ್ನೂ ನೋಡಿದ, ಹೊರೆ ಎತ್ತುವ ಕೈಯೋ ಅಲ್ಲವೋ ಎಂದು ಅಳೆಯುವವನ ಹಾಗೆ. ಹಾಗೆ ನೋಡಿದ್ದಕ್ಕೆ ತನ್ನ ಮೇಲೆಯೇ ಹೇಸಿಕೆ ಬಂತು.

ಸಮಾಜಸೇವೆಯ ಕಾಲಮ್ಮಿಗೆ ಜಿಜಾಳಲ್ಲಿ ನಿಜವಾದ ಉತ್ತರವಿತ್ತು. ಸಂಜೆ ಅಡಿಗೆಗೆ ಮುಂಚೆ ಗುಡಿಸಲುಗಳ ನಡುವೆ ಮೂವತ್ತೊಂದು ಮಕ್ಕಳನ್ನು ಕೂಡಿಸಿಕೊಂಡು ಓದಿಸುತ್ತಿದ್ದಳು. ಅಷ್ಟೇ ಅಲ್ಲ, ಒಂದು ಅರ್ಜಿ ಬರೆದಿದ್ದಳು. ದಸರೆಯಿಂದ ಯುಗಾದಿಯವರೆಗೆ ಮಕ್ಕಳು ಡಾಬಕಾದ ಸಾಲೆಯಲ್ಲೇ ಉಂಡು ಮಲಗುವಂತೆ ಒಂದು ವ್ಯವಸ್ಥೆಯಾದರೆ, ಅವರು ಕಬ್ಬಿನ ಹಿಂದೆ ಅಲೆಯುವುದು ತಪ್ಪುತ್ತದೆ, ವರ್ಷ ಹೋಗುವುದಿಲ್ಲ. ಕೆಳಗೆ ತಾಯಿತಂದೆಯರ ಸಹಿ, ಹೆಬ್ಬೆಟ್ಟು.

"ಮೂರು ಕಡಿ ಕೊಟ್ಟೀನಿ. ಮೇಲಿನೋರಿಗಿ ಕೊಡ್ರಿ ಅಂತಾರ. ಮೇಲಿನೋರು ಎಲ್ಲಿ ಕೂಡ್ತಾರ ಅಂತ ಹೇಳಂಗಿಲ್ಲ," ಎಂದಳು.

ವೈಜಿನಾಥ ಬರೆದ: ಜಿಜಾಬಾಯಿ, ಬಿ.ಎ. ಸಕ್ಕರೆ ಉದ್ಯಮ, ಮಹಾರಾಷ್ಟ್ರ. ಸಮಾಜಸೇವೆ: ವಲಸೆ ಮಕ್ಕಳ ಶಿಕ್ಷಣ.

ಪುಸ್ತಕ ಸಮಿತಿಗೆ ಹೋಯಿತು. ವಾರದಲ್ಲಿ ತಿರುಗಿ ಪತ್ರ ಬಂತು: ಭೇಟಿಯ ದಿನ ಐದು ಜನ ಹಳೆಯ ವಿದ್ಯಾರ್ಥಿಗಳನ್ನು ಮುಖತಃ ನೋಡಬೇಕು. ಮೊದಲ ಹೆಸರೇ ಜಿಜಾಬಾಯಿ.

"ಹೆಣ್ಣುಮಗಳು! ಉದ್ಯಮ! ಮ್ಯಾಲೆ ಸಮಾಜಸೇವೆ!" ಪಂಢರಿನಾಥ ಎದ್ದು ನಿಂತೇಬಿಟ್ಟರು. ಮತ್ತೆ ಕೂತು, ಮೇಜಿನ ಗಾಜು ಒರೆಸುತ್ತ ಹೇಳಿದರು, "ಅಲ್ಲೇನ್ ಮಾಡ್ತಾಳ ನಿಮ್ಮ ತಂಗಿ ಅಂತ ನಾ ಕೇಳಂಗಿಲ್ಲ. ನೀವು ಹೇಳಬ್ಯಾಡ್ರಿ. ಕರ್ಕೊಂಡು ಬರ್ರಿ, ಸಾಕು."

ಜಿಜಾ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಸಮಿತಿ ಅಂದ್ರ ಸರಕಾರದ್ದೇನು?"

ಅಲ್ಲ, ಅವರು ಕಟ್ಟಡ, ಪುಸ್ತಕ, ಕಕ್ಕಸು ಎಣಿಸಿ ಅಂಕ ಹಾಕುವವರು ಎಂದು ಅವನು ಹೇಳಬಹುದಿತ್ತು.

"ಹೂಂ, ಸರಕಾರದ್ದೇ ಅನ್ನು."

"ಹಂಗಾದ್ರ ಬರ್ತೇನಿ. ಅರ್ಜಿನೂ ತರ್ತೇನಿ. ಎರಡು ದಿನ ಇವರೂ ಖಾಲಿ ಕೂಡಬೇಕು, ಮುಕಾದಮ ಬೈತಾನ. ಬೈಲಿ."

ಅವಳು ಬಂದ ದಿನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಅವಳ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಬಿಸಿಲಿಗೆ ಕಪ್ಪಾಗಿದ್ದಳೆಂದಲ್ಲ, ಕಬ್ಬಿನ ಒಣಗರಿಯ ರವದಿ ಕೊಯ್ದು ಕೊಯ್ದು ಅವಳ ಕೈ, ಕತ್ತು, ಕೆನ್ನೆಯ ಮೇಲೆಲ್ಲ ಸಣ್ಣ ಗೀರು ಮೂಡಿದ್ದವು, ಯಾರೋ ಹಾಳೆ ತಿದ್ದಿದ ಹಾಗೆ. ಶೇವಂತಾ ತನ್ನ ತುಂಬುತೋಳಿನ ಕುಪ್ಪಸ ಕೊಟ್ಟಳು. ಜಿಜಾ ಅದನ್ನು ತೊಟ್ಟು, ಕನ್ನಡಿ ನೋಡಿ, "ಕಾರ್ಖಾನಿ ಮಾಲಕಿ ಆದೆ ನೋಡ್ರಿ ವೈನಿ," ಎಂದಳು.

ಸಮಿತಿಯ ಮುಖ್ಯಸ್ಥರು ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರು. ಮೆದು ಮಾತಿನವರು. ಎದ್ದು ಕೈ ಮುಗಿದು ಅವಳನ್ನು ಕೂರಿಸಿದರು.

"ಬನ್ನಿ ತಾಯಿ. ಅಷ್ಟು ದೂರದಿಂದ ಬಂದಿದ್ದೀರಿ. ಅಲ್ಲಿ ನಿಮ್ಮ ಹುದ್ದೆ ಏನು?"

"ಅರ್ಧ ಕೋಯ್ತಾ ರಿ."

"ಏನಂದಿರಿ?"

"ಅರ್ಧ ಕೋಯ್ತಾ."

ಪ್ರಾಧ್ಯಾಪಕರು ಎಡಬಲ ನೋಡಿದರು. ಪಕ್ಕದ ಇಬ್ಬರು ಸದಸ್ಯರಿಗೂ ಗೊತ್ತಿರಲಿಲ್ಲ. ಕೋಣೆಯಲ್ಲಿದ್ದ ಭಾಲ್ಕಿಯವರಿಗೆಲ್ಲ ಗೊತ್ತಿತ್ತು. ಪಂಢರಿನಾಥ ಫ್ಯಾನು ನೋಡಿದರು, ಆಮೇಲೆ ವೈಜಿನಾಥನನ್ನು ನೋಡಿದರು.

ಬಾಗಿಲ ಹತ್ತಿರ ನಿಂತಿದ್ದ ವೈಜಿನಾಥ ಮುಂದೆ ಬಂದ. ತನ್ನ ದನಿ ಇಷ್ಟು ಸಲೀಸಾಗಿ ಬರುತ್ತದೆಂದು ಅವನೇ ಎಣಿಸಿರಲಿಲ್ಲ.

"ಅದು ಅಲ್ಲಿನ ಸ್ಥಳೀಯ ಪದ ಸರ್. ಒಂದು ಘಟಕ, ಯೂನಿಟ್ ಅನ್ನುವ ಅರ್ಥ. ಇವರೂ ಇವರ ಯಜಮಾನರೂ ಸೇರಿ ಒಂದು ಘಟಕ ನಡೆಸುತ್ತಾರೆ. ಅದರಲ್ಲಿ ಅರ್ಧ ಪಾಲು ಇವರದು."

ಒಂದು ಶಬ್ದವೂ ಸುಳ್ಳಲ್ಲ. ಅವನ ಎಂಟು ವರ್ಷದ ಪಾಠದಲ್ಲಿ ಇಷ್ಟು ನಿಖರವಾದ ಅರ್ಥವಿವರಣೆ ಇನ್ನೊಂದು ಇರಲಿಲ್ಲ.

"ಪಾಲುದಾರರು ಅನ್ನಿ!" ಪ್ರಾಧ್ಯಾಪಕರ ಮುಖ ಅರಳಿತು. "ಗಂಡ ಹೆಂಡತಿ ಸಮಪಾಲು. ನಮ್ಮ ಕಡೆ ಓದಿದವರಲ್ಲೂ ಇದು ಇಲ್ಲ ನೋಡಿ." ಪಕ್ಕದವರು ಬರೆದುಕೊಂಡರು.

ಜಿಜಾ ಅಣ್ಣನ ಕಡೆ ತಿರುಗಿದಳು. ಅವಳು ಬಾಯಿ ತೆರೆದರೆ ಎಲ್ಲ ಮುಗಿಯುತ್ತಿತ್ತು. ಅವನ ತಾಸು, ಜೂನ್, ಶೇವಂತಾಳ ಮೊಣಕೈ. ಅದು ಅವಳಿಗೂ ಗೊತ್ತಿತ್ತು. ಅವಳು ಚೀಲದಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು.

"ಸರ್, ಇದು ಮಕ್ಕಳದು. ನೀವು ಇದನ್ನ ಮ್ಯಾಲೆ..."

ಪ್ರಾಧ್ಯಾಪಕರು ಕನ್ನಡಕ ಸರಿಮಾಡಿಕೊಂಡು ಮೊದಲ ನಾಲ್ಕು ಸಾಲು ಓದಿದರು. ಹಾಳೆ ತಿರುವಿ ಹೆಬ್ಬೆಟ್ಟುಗಳ ಸಾಲು ನೋಡಿದರು. ಅವರ ಕಣ್ಣು ನಿಜವಾಗಿಯೂ ತೇವವಾಯಿತು.

"ಇದು ನೋಡಿ ಸಮಾಜಸೇವೆಗೆ ದಾಖಲೆ. ಎಲ್ಲ ಕಾಲೇಜಿನವರೂ ಬರೀ ಫೋಟೋ ತೋರಿಸ್ತಾರೆ. ಪ್ರಿನ್ಸಿಪಾಲರೇ, ಮೂಲಪ್ರತಿಯನ್ನೇ ಲಗತ್ತಿಸಿ."

"ಲಗತ್ತು ಹದಿನೇಳು, ಸರ್," ಎಂದರು ಪಂಢರಿನಾಥ, ಹಾಳೆ ಎತ್ತಿಕೊಳ್ಳುತ್ತ.

"ಅದು ಲಗತ್ತಲ್ಲ ರಿ, ಅರ್ಜಿ ಅದ," ಎಂದಳು ಜಿಜಾ.

"ಗೊತ್ತಮ್ಮ, ಗೊತ್ತು. ತುಂಬಾ ಸಂತೋಷ." ಪ್ರಾಧ್ಯಾಪಕರು ಕೈ ಮುಗಿದರು. ಮುಂದಿನ ಹೆಸರು ಕರೆದರು.

ಫೈಲು ಕಟ್ಟುವ ಕೆಲಸ ವೈಜಿನಾಥನದು. ಪಂಚಿಂಗ್ ಯಂತ್ರದಲ್ಲಿ ಅರ್ಜಿಯನ್ನಿಟ್ಟು ಒತ್ತಿದ. ಎರಡನೇ ಹಾಳೆಯ ಅಂಚಿಗೆ ಯಾರೋ ಹೆಬ್ಬೆಟ್ಟು ಒತ್ತಿದ್ದರು. ತೂತು ಅದರ ನಡುವೆ ಬಿತ್ತು.

ಬಸ್ಸು ಹತ್ತುವಾಗ ಜಿಜಾ ಕೇಳಿದಳು, "ಅವರು ಕಳಿಸ್ತಾರಲ್ಲ ಅದನ್ನ?"

"ಕಳಿಸ್ತಾರ."

"ನಿನ್ನ ತಾಸು?"

"ನೋಡಬೇಕು."

"ಆಗ್ತದ ತಗೋ. ಪಾಲುದಾರಳ ಅಣ್ಣ ಇದ್ದಿ." ಅವಳು ನಗಲಿಲ್ಲ. ಕುಪ್ಪಸದ ತೋಳು ಮಡಚಿ ಮೇಲೇರಿಸಿಕೊಂಡು ಕಿಟಕಿಗೆ ಕೂತಳು.

ಕಾಲೇಜಿಗೆ ಒಂದು ಮೆಟ್ಟಿಲು ಮೇಲಿನ ಗ್ರೇಡ್ ಬಂತು. ಪೇಡೆ ಹಂಚಿದರು. ವೈಜಿನಾಥನ ತಾಸು ಉಳಿದವು. ಕಡಿಮೆಯಾದ ಇಬ್ಬರಲ್ಲಿ ಒಬ್ಬಳು ಫಕ್ರುನ್ನಿಸಾ, ಅವನಿಗಿಂತ ಮೂರು ವರ್ಷ ಹಳಬಳು. ಅವಳ ಪಟ್ಟಿಯಲ್ಲಿ ಇಪ್ಪತ್ತಾರು ಹೆಸರಿನ ಮುಂದೆ 'ಕೆಲಸವಿಲ್ಲ' ಎಂದು ಬರೆದಿತ್ತು. ಪೇಡೆ ಹಂಚಿದ ದಿನ ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿ ಒರೆಸುತ್ತ ಅವಳು ಹೇಳಿದಳು, "ಖಾಲಿ ಅಲ್ಲ ಸರ್ ಅದು. ತುಂಬೇ ಕೊಟ್ಟಿದ್ದೆ." ಅವನು ತಲೆಯಾಡಿಸಿದ. ಬಾಯಲ್ಲಿ ಪೇಡೆ ಇತ್ತು.

ಅರ್ಜಿಯ ಒಂದು ನಕಲಾದರೂ ತೆಗೆದುಕೊಡಿ, ಔರಾದಿನ ಶಿಕ್ಷಣ ಇಲಾಖೆಯ ಆಫೀಸಿಗೆ ನಾನೇ ಒಯ್ಯುತ್ತೇನೆ ಎಂದು ಅವನು ಪಂಢರಿನಾಥರನ್ನು ಕೇಳಿದ. ಒಮ್ಮೆ ಮಾತ್ರ ಕೇಳಿದ. "ಸೀಲ್ ಆದ ಫೈಲ್ ರಿ ಅದು. ಐದು ವರ್ಷ ಮುಟ್ಟಂಗಿಲ್ಲ. ನಿಮ್ಮ ಹೆಸರು ಈಗಷ್ಟೇ ಪಕ್ಕಾ ಆಗ್ಯದ," ಎಂದರು ಅವರು. ಎರಡನೇ ಸಲ ಕೇಳಲಿಲ್ಲ.

ಪ್ರತಿ ಐತವಾರ ಜಿಜಾಳ ಫೋನ್. ಉತ್ತರ ಬಂತೇನು? ಮೊದಲ ಸಲ ಇಲ್ಲ ಎಂದ. ಎರಡನೇ ಸಲ ಮೇಲೆ ಹೋಗಿದೆ ಎಂದ. ಮೂರನೇ ಸಲ ಅವಳು ಕೇಳುವ ಮೊದಲೇ ಅವನ ಬಾಯಿಂದ ಬಂತು, "ಬಂದದ."

"ಬಂತಾ? ಏ, ಬಂದದಂತ! ಬರ್ರಿ ಎಲ್ಲಾರೂ! ತಡಿ ಅಣ್ಣಾ, ಸ್ಪೀಕರ್ ಹಾಕ್ತೇನಿ. ಓದು."

ಓದಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಓದಿದ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಸಲ್ಲಿಸಿದ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದ್ದು, ಮುಂದಿನ ಸೂಕ್ತ ಕ್ರಮಕ್ಕಾಗಿ..." ವಾಕ್ಯಗಳು ತಾವಾಗಿಯೇ ಬಂದವು, ಒಂದಕ್ಕೊಂದು ಅಂಟಿಕೊಂಡು, ಎಲ್ಲೂ ಏನನ್ನೂ ಹೇಳದೆ. ಆ ಕಡೆ ಯಾರೋ ಗಂಡಸು ಕೇಳಿದ, "ಅಂದ್ರ ಆತಾ, ಆಗಿಲ್ಲಾ?" "ಸುಮ್ಮನಿರ್ರಿ, ಆಗ್ಲತದ," ಎಂದಳು ಜಿಜಾ.

ಆಮೇಲೆ ಅವಳು ಕೇಳಿದಳು, "ಅಣ್ಣಾ, ಜಾವಕ ನಂಬರ್?"

"ಏನು?"

"ಜಾವಕ ನಂಬರ್. ಆಫೀಸಿಂದ ಹೊರಗ ಬೀಳೋ ಪ್ರತಿ ಕಾಗದಕ್ಕ ಒಂದು ನಂಬರ್ ಇರ್ತದ, ಅದಿಲ್ಲಂದ್ರ ಅದು ಕಾಗದ ಅಲ್ಲ ಅಂತ ಬಿ.ಎ. ಸೆಕೆಂಡ್ ಇಯರ್‌ದಾಗ ನೀನೇ ಕಲಿಸೀದಿ. ಹೇಳು, ಬರ್ಕೋತೇನಿ. ಯುಗಾದಿಗಿ ಬಂದಾಗ ಎಲ್ಲಾರೂ ಔರಾದಕ್ಕ ಹೋಗಿ ಇದೇ ನಂಬರ್ ತೋರಸ್ತೇವಿ."

ಮೂರು ತಿಂಗಳ ಹಿಂದೆಯಾದರೆ ಅವನು ಫೋನ್ ಕಟ್ಟಾಗಿದೆ ಎಂದು ನಟಿಸುತ್ತಿದ್ದನೇನೋ. ಈಗ ಕೈ ಪಳಗಿತ್ತು.

"ನಾಲ್ಕುನೂರಾ ಹದಿನೆಂಟು," ಎಂದ.

"ನಾಲ್ಕು, ಒಂದು, ಎಂಟು. ಹೌದಲ್ಲ?"

"ಹೌದು."

"ಚೀಟಿ ಕಳೀತದ," ಎಂದಳು ಜಿಜಾ, ಅವನಿಗಲ್ಲ. "ಏ ಹುಡುಗ್ರಾ, ಇಲ್ಲಿ ಬರ್ರಿ. ಬಾಯಿಪಾಠ ಮಾಡ್ರಿ. ಜೋರಾಗಿ. ನಾಲ್ಕು, ಒಂದು, ಎಂಟು."

ಮಗ್ಗಿ ಹೇಳುವ ರಾಗದಲ್ಲಿ ಮೂವತ್ತೊಂದು ಮಕ್ಕಳು ಶುರು ಮಾಡಿದರು. ವೈಜಿನಾಥ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಅವಳು ಮೇಷ್ಟರಂತೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದಳು. ಒಂದು ಸಣ್ಣ ದನಿ ಎಂಟನ್ನು ಮೊದಲು ಹೇಳಿಬಿಟ್ಟಿತು. "ತಪ್ಪು," ಎಂದಳು ಜಿಜಾ. "ತಪ್ಪು ಹೇಳಿದ್ರ ಆಫೀಸಿನ್ಯಾಗ ಸಿಗಂಗಿಲ್ಲ. ಮತ್ತೊಮ್ಮಿ ಹೇಳು."