ಗುರುತಿನ ಕಲ್ಲು

ಹೊಸ ಬಡಾವಣೆಯ ಮೊದಲ ದೊಡ್ಡ ಮಳೆಗೇ ಹದಿನಾಲ್ಕನೇ ಮನೆಗೆ ನೀರು ನುಗ್ಗಿತು. ರಸ್ತೆ ಬದಿಯ ಚರಂಡಿ ಮಳೆನೀರನ್ನೆಲ್ಲ ಕೆಳಗಿನ ಇಂಗುಗುಂಡಿಗೆ ಒಯ್ಯಬೇಕಿತ್ತು. ಅದರ ಬದಲು ನೀರು ಹಿಂದಕ್ಕೆ ತಿರುಗಿ, ನಿವೃತ್ತ ಟೀಚರಮ್ಮನ ನಡುಮನೆಯಲ್ಲಿ ನೆಂಟರ ಹಾಗೆ ಬಂದು ಕೂತಿತ್ತು. ಟೀಚರಮ್ಮ ಒದ್ದೆ ಹಾಸಿಗೆಯನ್ನು ಕಾಂಪೌಂಡಿನ ಮೇಲೆ ಹರವುತ್ತಾ, "ಮನೆ ಅಂತ ತಗೊಂಡೆ, ಬಾವಿ ಕೊಟ್ಟಿದ್ದೀರಲ್ಲಪ್ಪ" ಎಂದರು. ಬಡಾವಣೆ ಕಟ್ಟಿಸುತ್ತಿದ್ದ ಇಂಜಿನಿಯರ್ ಬಗ್ಗಿ ಚರಂಡಿಯತ್ತ ನೋಡಿದ.

ಕಾರಣ ಅವನಿಗೆ ಗೊತ್ತಿತ್ತು. ಗೇಟಿನ ಪಕ್ಕ ಒಂದು ಗುರುತಿನ ಕಲ್ಲಿತ್ತು. ಬಡಾವಣೆಯ ಏರುತಗ್ಗುಗಳನ್ನೆಲ್ಲ ಅಳೆಯುತ್ತಿದ್ದುದು ಅದರಿಂದಲೇ. ಚರಂಡಿಯ ಕೆಳಗಿನರ್ಧ ಕಟ್ಟಿ ಮುಗಿದ ವಾರ ಜಲ್ಲಿ ಲಾರಿಯ ಹಿಂಚಕ್ರ ಆ ಕಲ್ಲನ್ನು ತುಳಿದು, ನಾಲ್ಕು ಬೆರಳು ಕೆಳಗಿಳಿಸಿತು. ಎಲ್ಲ ಮತ್ತೆ ಅಳೆಯಬೇಕೆಂದರೆ ಎರಡು ದಿನದ ಕೆಲಸ. ಇವನು ಅತ್ತಿತ್ತ ನೋಡಿ, ಬೂಟಿನಿಂದ ಸುತ್ತ ಮಣ್ಣು ತಳ್ಳಿ ಸುಮ್ಮನಾದ. ಮೇಲಿನರ್ಧ ಕುಸಿದ ಕಲ್ಲಿನ ಲೆಕ್ಕದಲ್ಲೇ ಎದ್ದು, ಕೆಳಗಿನರ್ಧಕ್ಕಿಂತ ತಗ್ಗಾಯಿತು.

ಚರಂಡಿ ಕಟ್ಟುತ್ತಿದ್ದ ಮೇಸ್ತ್ರಿ ಆಗಲೇ ಹೇಳಿದ್ದರು. ಒಂದು ಕೊಡ ನೀರು ಸುರಿದು ತೋರಿಸಿಯೂ ಇದ್ದರು. ನೀರು ಅರ್ಧ ದಾರಿ ಹೋಗಿ ವಾಪಸ್ಸು ಬಂತು.

"ನೀರು ಮುಂದಕ್ಕೆ ಹೋಗ್ತಾ ಇಲ್ಲ ಸಾರ್. ಅದಕ್ಕೆ ಓದು ಬರಹ ಗೊತ್ತಿಲ್ಲ, ಇಳಿಜಾರು ಗೊತ್ತು."

"ಮಟ್ಟ ಅಳೆಯೋ ಯಂತ್ರಕ್ಕಿಂತ ನಿಮ್ಮ ಕೊಡ ಹೆಚ್ಚೇನ್ರೀ? ಹೇಳಿದಷ್ಟು ಮಾಡಿ."

ಕೂಲಿಯವರು ನಗುತ್ತಾರೆಂದು ಅವನು ಕಾದ. ಯಾರೂ ನಗಲಿಲ್ಲ.

ಆ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಂದೆ. ಎರಡು ವರ್ಷದ ಹಿಂದೆ ಇಬ್ಬರಿಗೂ ಒಂದೇ ಸೈಟು ಬಿದ್ದಾಗ ಇವನಿಗೆ ಬೆವರು ಕಿತ್ತುಕೊಂಡಿತ್ತು. ಮೊಣಕಾಲವರೆಗೆ ಸಿಮೆಂಟು ಮೆತ್ತಿಕೊಂಡವರು ಮಾವ ಎಂದರೆ ಆಫೀಸಿನವರು ಏನಂದುಕೊಂಡಾರು? "ಸೈಟಲ್ಲಿ ಸಂಬಂಧ ಬೇಡ ಮಾವ, ಸಾರ್ ಅನ್ನಿ ಸಾಕು" ಎಂದಿದ್ದ. "ಆಗ್ಲಿ ಅಳಿಯಂದ್ರೆ, ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದಿದ್ದರು ಮಾವ. ಆಮೇಲೆ ಭಾನುವಾರ ಅಳಿಯಂದ್ರು, ಸೋಮವಾರ ಸಾರ್. ಒಂದು ದಿನವೂ ತಪ್ಪಲಿಲ್ಲ.

"ಯಾರ ಕೈಚಳಕ ಇದು?" ಎಂದು ಮ್ಯಾನೇಜರ್ ಚರಂಡಿಯ ಪಕ್ಕ ನಿಂತು ಕೇಳಿದಾಗ ಕಲ್ಲಿನ ಮಾತು ಇಂಜಿನಿಯರನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಮಾವ ಅವನನ್ನೊಮ್ಮೆ ನೋಡಿದರು.

"ನನ್ನ ಕೈ ತಪ್ಪಿರಬೇಕು ಸ್ವಾಮಿ."

"ಹಾಗಾದ್ರೆ ನಾಳೆಯಿಂದ ಬರೋದು ಬೇಡ."

ನಲವತ್ತು ವರ್ಷದಲ್ಲಿ ಒಂದು ಗೋಡೆಯನ್ನೂ ವಾಲಿಸದ ಮನುಷ್ಯ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವರೊಬ್ಬರು.

ಸಂಜೆ ಹೆಂಡತಿ, "ಅಪ್ಪನ ಕೈ ತಪ್ತಂತೆ, ಹೌದೇನ್ರೀ?" ಎಂದು ಕೇಳಿದಳು. ಅವನು ಊಟದ ತಟ್ಟೆ ಸರಿಸಿ ಕೈ ತೊಳೆಯಲು ಎದ್ದ.

ಬೆಳಿಗ್ಗೆ ಅವನು ನೇರ ಮ್ಯಾನೇಜರ್ ಕೋಣೆಗೆ ಹೋದ. "ಕಲ್ಲು ಕುಸಿದದ್ದು ನನಗೆ ಗೊತ್ತಿತ್ತು ಸಾರ್. ನಾನೇ ಮುಚ್ಚಿಟ್ಟೆ. ಮೇಸ್ತ್ರಿ ತಪ್ಪು ಏನೂ ಇಲ್ಲ." ಬಾಗಿಲವರೆಗೆ ಹೋಗಿ ತಿರುಗಿದ. "ಇನ್ನೊಂದು ವಿಷಯ. ಅವರು ನನ್ನ ಮಾವ."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಅದು ಎಲ್ಲರಿಗೂ ಗೊತ್ತಲ್ರೀ. ನೀವು ಬಂದ ವಾರವೇ ಅವರು ಹೇಳಿದ್ರು. ನಮ್ಮ ಅಳಿಯಂದ್ರು ದೊಡ್ಡ ಓದು ಓದಿದ್ದಾರೆ, ನಿಮಗೆ ಗೊತ್ತು ಅಂತ ತೋರಿಸ್ಕೋಬೇಡಿ, ಮುಜುಗರ ಪಟ್ಕೋತಾರೆ ಅಂತ. ಕೂಲಿಯವರಿಗೂ ಹೇಳಿಟ್ಟಿದ್ರು. ನಿನ್ನೆ ಅವರನ್ನ ಕಳಿಸುವಾಗ್ಲಾದ್ರೂ ನೀವು ಒಂದು ಮಾತಾಡ್ತೀರ ಅಂತ ಕಾದೆ" ಎಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಎರಡು ವರ್ಷ ಇಡೀ ಸೈಟು ಅವನ ಮಾನ ಕಾದಿತ್ತು, ಅದೂ ಮಾವನ ಮಾತಿಗೆ.

ಅಲ್ಲಿಂದ ಮಾವನ ಮನೆಗೇ ಹೋದ. ಅವರು ಬಾಗಿಲ ಮೆಟ್ಟಿಲ ಮೇಲೆ ಕೂತು ಕರಣೆಗೆ ಎಣ್ಣೆ ಸವರುತ್ತಿದ್ದರು.

"ಮಾವ, ಎಲ್ಲ ಹೇಳ್ಬಿಟ್ಟೆ. ಚರಂಡಿ ಒಡೆದು ಮತ್ತೆ ಕಟ್ಟಬೇಕು, ನೀವು ಬರ್ಬೇಕು. ತಪ್ಪಾಯ್ತು ಮಾವ."

ಮಾವ ಎದ್ದರು. ಒಳಗಿನಿಂದ ಕುರ್ಚಿ ತಂದು, ಹೆಗಲ ಟವೆಲಿನಿಂದ ಧೂಳು ಒರೆಸಿ, ಅವನ ಮುಂದಿಟ್ಟರು.

"ಕೂತ್ಕೊಳ್ಳಿ ಸಾರ್" ಎಂದರು.

ಮನೆಯಲ್ಲಿ ಅವರು ಹಾಗೆ ಕರೆದದ್ದು ಅದೇ ಮೊದಲು. ಆ ದನಿಯಲ್ಲಿ ಕೋಪವಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.