ಅಂಟದ ಬೂಷ್ಟು

ಎಡಗಡೆ ತೊಟ್ಟಿಯ ಬೂಷ್ಟಿಗೆ ಅಂಟುವ ಯೋಗ್ಯತೆ ಇರಲಿಲ್ಲ. ಅದರ ಜೀವಕೋಶದ ಗೋಡೆಯಲ್ಲಿ ಗೋಂದಿನ ಕೆಲಸ ಮಾಡುವ ಪ್ರೋಟೀನೊಂದನ್ನು ಸಂಶೋಧಕಿ ಪಟ್ಟು ಹಿಡಿದು ತೆಗೆದುಹಾಕಿದ್ದಳು. ಬಲಗಡೆ ತೊಟ್ಟಿಯದ್ದು ಹುಟ್ಟಿದ ಹಾಗೇ ಇತ್ತು. ಟೊಮ್ಯಾಟೊ ಸಸಿಯ ಬೇರು ಸಿಕ್ಕರೆ ಉಡದಂತೆ ಕಚ್ಚಿಕೊಳ್ಳುತ್ತಿತ್ತು. ಬೇರು ಕಾಣಲೆಂದು ಎರಡೂ ಕಡೆ ಮಣ್ಣಿಲ್ಲದೆ ಬರೀ ನೀರಿನಲ್ಲಿ ಸಸಿ ಬೆಳೆಸಿದ್ದಳು. ಬಲಗಡೆಯವು ಆಗಲೇ ಗೋಣು ಚೆಲ್ಲಿದ್ದವು. ಎಡಗಡೆಯವು ಇನ್ನೆರಡು ವಾರ ಹಸಿರಾಗಿ ನಿಂತರೆ ಅವಳಿಗೆ ಪಿಎಚ್.ಡಿ.

‘ಬೇರೆಯವರ ಮಕ್ಕಳು ಬೂಷ್ಟು ಕಂಡ್ರೆ ಉಜ್ಜಿ ತೆಗೀತಾರೆ, ನೀನು ಸಾಕ್ತೀಯ,’ ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು. ‘ಬೇಗ ಮುಗಿಸೇ ತಾಯಿ.’

ಅಷ್ಟರಲ್ಲಿ ಒಂದು ದಿನ ಅವಳ ಗೈಡ್ ತಮ್ಮ ಮಾವನನ್ನು ಪ್ರಯೋಗಾಲಯಕ್ಕೆ ಕರೆತಂದರು. ಮಾವನದು ಬಣ್ಣ, ಗೋಂದು ಮಾರುವ ಅಂಗಡಿ. ಅಳಿಯ ದಿನವಿಡೀ ಏನು ಮಾಡುತ್ತಾನೆಂದು ಅವರಿಗೆ ಮದುವೆಯ ದಿನದಿಂದಲೂ ಅನುಮಾನ.

‘ಅಲ್ಲಪ್ಪ, ನಾನು ಅಂಟೋದನ್ನ ಮಾರಿ ಮಗಳನ್ನ ಸಾಕಿದೆ. ನೀನು ಅಂಟದೇ ಇರೋದನ್ನ ಮಾಡಿ ಸಾಕ್ತಿದೀಯಾ?’

‘ಇಲ್ನೋಡಿ ಮಾವ.’ ಗೈಡ್ ಗ್ಲೌಸ್ ಏರಿಸಿ ಬಲಗಡೆಯ ಸಸಿಯೊಂದನ್ನು ಎತ್ತಿದರು, ಬೇರನ್ನು ಬೆರಳಲ್ಲಿ ಉಜ್ಜಿದರು. ‘ಎಷ್ಟು ಜಾಲಾಡಿದ್ರೂ ಹೋಗಲ್ಲ. ಈಗ ಅದನ್ನ ನೋಡಿ.’ ಕೈ ಎಡಗಡೆಗೆ ಹೊರಟಿತು.

‘ಸಾರ್, ಗ್ಲೌಸ್!’ ಎಂದಳು ಸಂಶೋಧಕಿ.

‘ಹಾಕಿದೀನಲ್ಲಮ್ಮ, ಕಾಣಲ್ವಾ?’

‘ಅಯ್ಯೋ, ಅದೇ ಗ್ಲೌಸಲ್ಲಿ...’

‘ಪಾಪ, ನನ್ನ ಕೈಗೇನಾದ್ರೂ ಆದೀತು ಅಂತ ಹೆದರ್ತಾಳೆ,’ ಎಂದು ಮಾವನಿಗೆ ಹೇಳುತ್ತಲೇ ಗೈಡ್ ಕೈಯನ್ನು ಮಣಿಕಟ್ಟಿನವರೆಗೂ ನೀರಿಗಿಳಿಸಿ ಸಸಿ ಮೇಲೆ ಸಸಿ ಎತ್ತಿ ತೋರಿಸಿದರು.

ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ‘ಏನೂ ಕಾಣಲ್ವಲ್ಲೋ.’

‘ಅದೇ ಮಾವ ಸಾಧನೆ!’

ಅವರಿಬ್ಬರು ಕಾಫಿಗೆ ಹೋದದ್ದೇ ತಡ, ಅವಳು ಎಡಗಡೆ ತೊಟ್ಟಿಯ ನೀರು ಚೆಲ್ಲಿದಳು, ಒಂದೊಂದೇ ಬೇರನ್ನು ಮಗುವಿನ ತಲೆ ತೊಳೆದಂತೆ ನಲ್ಲಿಯಡಿ ಹಿಡಿದು ತೊಳೆದಳು. ಗ್ಲೌಸಿನಿಂದ ಬಂದಿದ್ದು ಬಲಗಡೆಯ ಬೂಷ್ಟು. ಅದು ತೊಳೆದರೆ ಹೋಗುವುದಿಲ್ಲ. ಹಾಗೆಂದು ತನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಅವಳೇ ಸಾಧಿಸಿ ತೋರಿಸಿದ್ದಳು. ಗೊತ್ತಿದ್ದೂ ತೊಳೆದಳು.

ವಾರ ಕಳೆಯುವಷ್ಟರಲ್ಲಿ ಎಡಗಡೆಯವೂ ಹಳದಿಯಾದವು.

ಗೈಡ್ ಬಂದು ನೋಡಿ ನಾಲಿಗೆ ಲೊಚಗುಟ್ಟಿದರು. ‘ನಿನ್ನ ಪ್ರೋಟೀನು ಪೂರ್ತಿ ಹೋಗಿರಲಿಲ್ಲ ಅನ್ಸುತ್ತಮ್ಮ. ಮೊದಲಿಂದ ಮಾಡು.’

‘ಅವತ್ತು ನೀವು ಕೈ ಹಾಕಿದ್ರಲ್ಲ ಸಾರ್.’

‘ನೋಡಮ್ಮ, ನನ್ನ ಕೈಗುಣದ ಬಗ್ಗೆ ಇದುವರೆಗೂ ಯಾರೂ ಕೊಂಕು ತೆಗೆದಿಲ್ಲ.’

ಎಡಗಡೆ ತೊಟ್ಟಿಯಲ್ಲಿ ನಲವತ್ತು ಸಸಿ ಇದ್ದವು. ನಲವತ್ತೂ ಸತ್ತವು. ಅವಳದು ಒಂದು ವರ್ಷ ಹೋಯಿತು.